ಉದ್ಯಾನದಲ್ಲಿ ನಿಶ್ಚಿತಾರ್ಥದ ಚಿತ್ರೀಕರಣ: ಆಕಾಶದ ತಪ್ಪಿಗೆ ಹೆಣ್ಣಿನ ಮನೆಗೆ ದಂಡವೇಕೆ?

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಮದುವೆಯ ಮಾತುಕತೆ ಮುಗಿಯುತ್ತಿದ್ದಂತೆ ಈಗ ಹೊಸದೊಂದು ಶಾಸ್ತ್ರ ಸೇರಿಕೊಂಡಿದೆ. ಪಂಚಾಂಗದಲ್ಲಿ ಇಲ್ಲದ, ಪುರೋಹಿತರು ಹೇಳದ ಈ ಶಾಸ್ತ್ರವೇ ಉದ್ಯಾನವನದಲ್ಲಿ ನಡೆಯುವ ನಿಶ್ಚಿತಾರ್ಥದ ಚಿತ್ರೀಕರಣ. ದೆಹಲಿಯಲ್ಲಿ ಫೆಬ್ರವರಿ ನಡುವಿನಿಂದ ಏಪ್ರಿಲ್ ಮೊದಲ ವಾರದವರೆಗೆ ರಜೆಯ ದಿನ ಲೋದಿ ಉದ್ಯಾನಕ್ಕೋ, ಸುಂದರ್ ನರ್ಸರಿಗೋ ಹೋದವರಿಗೆ ರೇಷ್ಮೆ ಸೀರೆಯುಟ್ಟ ಹುಡುಗಿ, ಪಂಚೆ ಶಲ್ಯದ ಹುಡುಗ, ಅವರ ಮುಂದೆ ಬೆಳಕಿನ ಛತ್ರಿ ಹಿಡಿದ ಸಹಾಯಕರು, ಹಿಂದೆ ಬಟ್ಟೆಯ ಚೀಲ ಹೊತ್ತು ನಿಂತ ಚಿಕ್ಕಮ್ಮ, ಅತ್ತೆಯರು ಕಾಣಸಿಗುವುದು ಸಾಮಾನ್ಯವಾಗಿದೆ. ಅವರಲ್ಲಿ ನಮ್ಮವರೂ ಇದ್ದಾರೆ ಎನ್ನುವುದು ಕನ್ನಡದ ಮಾತು ಕಿವಿಗೆ ಬಿದ್ದಾಗ ತಿಳಿಯುತ್ತದೆ.

ಇದು ಬೇಡ, ನಮ್ಮ ಸಂಸ್ಕೃತಿಯಲ್ಲ ಎಂದು ಉಪದೇಶ ಮಾಡುವ ಉದ್ದೇಶ ಈ ಲೇಖನದ್ದಲ್ಲ. ಇಬ್ಬರು ಜೊತೆಯಾಗಿ ನಿಂತು ಹೂವಿನ ನಡುವೆ ನಾಲ್ಕು ಚಿತ್ರ ತೆಗೆಸಿಕೊಂಡರೆ ಸಮಾಜಕ್ಕೆ ನಷ್ಟವೇನೂ ಇಲ್ಲ. ಆದರೆ ಒಂದು ಗಂಟೆಯಲ್ಲಿ ಬದಲಾಗುವ ವಸಂತದ ಆಕಾಶವನ್ನು ನಂಬಿ, ಬದಲಿ ವ್ಯವಸ್ಥೆಯಿಲ್ಲದೆ, ಎರಡು ಕುಟುಂಬಗಳ ಹಣ ಮತ್ತು ಮರ್ಯಾದೆಯನ್ನು ಒಂದೇ ಮಧ್ಯಾಹ್ನದ ಮೇಲೆ ಹೂಡುವ ಪದ್ಧತಿ ಬೆಳೆಯುತ್ತಿದೆ. ಮಳೆಯೋ ಗಾಳಿಯೋ ಬಂದು ಕಾರ್ಯ ಕೆಟ್ಟರೆ ಅದರ ಖರ್ಚೂ, ಅದಕ್ಕಿಂತ ಹೆಚ್ಚಾಗಿ ಅದರ ಅಪವಾದವೂ ಹೆಣ್ಣಿನ ಮನೆಯವರ ತಲೆಗೆ ಬರುತ್ತಿದೆ. ಈ ಬಗ್ಗೆ ಸಂಘದ ಸದಸ್ಯ ಬಾಂಧವರು ಚಿಂತನೆ ನಡೆಸುವುದು ಅವಶ್ಯ.

ಪರದೆಯ ತೋಟದಿಂದ ನಿಜವಾದ ತೋಟಕ್ಕೆ

ನಮ್ಮ ಹಿರಿಯರ ಕಾಲದಲ್ಲಿ ನಿಶ್ಚಿತಾರ್ಥವೆಂದರೆ ತಾಂಬೂಲ ಬದಲಾಯಿಸುವುದು, ಲಗ್ನಪತ್ರಿಕೆ ಓದಿಸುವುದು, ಹುಡುಗಿಗೆ ಸೀರೆ ಕೊಟ್ಟು ಉಡಿ ತುಂಬುವುದು, ಊಟ ಮಾಡಿ ಏಳುವುದು. ಚಿತ್ರ ಬೇಕೆಂದರೆ ಸ್ಟುಡಿಯೋಗೆ ಹೋಗಿ ಪರದೆಯ ಮೇಲೆ ಬರೆದ ತೋಟದ ಮುಂದೆ ನಿಂತರಾಯಿತು. ಆ ತೋಟದಲ್ಲಿ ಹೂವು ಬಾಡುತ್ತಿರಲಿಲ್ಲ, ಮಳೆಯೂ ಬರುತ್ತಿರಲಿಲ್ಲ. ಇಂದಿನ ಯುವಕ ಯುವತಿಯರು ನಿಜವಾದ ತೋಟವನ್ನು ಬಯಸುತ್ತಾರೆ. ಅದಕ್ಕೆ ಕಾರಣವೂ ಇದೆ. ಹುಡುಗ ಗುರುಗ್ರಾಮದಲ್ಲಿ, ಹುಡುಗಿ ಬೆಂಗಳೂರಿನಲ್ಲಿ ದುಡಿಯುವಾಗ ಇಬ್ಬರೂ ಪರಸ್ಪರ ನೋಡಿರುವುದೇ ನಾಲ್ಕಾರು ಬಾರಿ. ಹಿರಿಯರ ನಡುವೆ ಮಣೆಯ ಮೇಲೆ ಕುಳಿತಾಗ ಆಡಲಾಗದ ಮಾತನ್ನು ತೋಟದ ದಾರಿಯಲ್ಲಿ ನಡೆಯುತ್ತ ಆಡಬಹುದು. ಕ್ಯಾಮೆರಾದ ನೆಪದಲ್ಲಿ ಇಬ್ಬರಿಗೂ ಎರಡು ಗಂಟೆಯ ಸಮಯ ಸಿಗುತ್ತದೆ ಎನ್ನುವುದನ್ನು ಹಿರಿಯರು ಒಪ್ಪಬೇಕು.

ಲೋದಿ ಉದ್ಯಾನವನ್ನು ಆರಿಸುವುದರಲ್ಲಿಯೂ ಆಶ್ಚರ್ಯವಿಲ್ಲ. ಹದಿನೈದು ಮತ್ತು ಹದಿನಾರನೆಯ ಶತಮಾನದ ಸಯ್ಯದ್ ಮತ್ತು ಲೋದಿ ದೊರೆಗಳ ಕಾಲದ ಗುಮ್ಮಟಗಳು, ಹಸಿರು ಹುಲ್ಲು, ಕೆರೆ, ಹಳೆಯ ಸೇತುವೆ ಎಲ್ಲವೂ ಒಂದೇ ಕಡೆ ಇವೆ. 1936ರಲ್ಲಿ ಲೇಡಿ ವಿಲ್ಲಿಂಗ್ಡನ್ ಪಾರ್ಕ್ ಎಂಬ ಹೆಸರಿನಲ್ಲಿ ತೆರೆದ ಈ ತೋಟಕ್ಕೆ ಸ್ವಾತಂತ್ರ್ಯಾನಂತರ ಈಗಿನ ಹೆಸರು ಬಂತು. 1968ರಲ್ಲಿ ಜೋಸೆಫ್ ಸ್ಟೈನ್ ಮತ್ತು ಗ್ಯಾರೆಟ್ ಎಕ್ಬೋ ಅವರ ವಿನ್ಯಾಸದಂತೆ ಅದನ್ನು ಹೊಸದಾಗಿ ರೂಪಿಸಲಾಯಿತು. ಪ್ರವೇಶ ಶುಲ್ಕವಿಲ್ಲ. ಹೀಗಿರುವಾಗ ಕ್ಯಾಮೆರಾದವರೆಲ್ಲ ಅಲ್ಲಿಗೇ ಬರುವುದು ಸಹಜ.

ದೆಹಲಿಯ ವಸಂತವನ್ನು ಅರಿಯದೆ

ಸಮಸ್ಯೆ ಇರುವುದು ತೋಟದಲ್ಲಲ್ಲ, ತಿಂಗಳಿನಲ್ಲಿ. ನಮ್ಮ ಪಂಚಾಂಗದ ಪ್ರಕಾರ ಚೈತ್ರ, ವೈಶಾಖ ವಸಂತ ಋತು. ದೆಹಲಿಯಲ್ಲಾದರೋ ಚೈತ್ರ ಕಾಲಿಡುವಷ್ಟರಲ್ಲಿ ವಸಂತ ಗಂಟುಮೂಟೆ ಕಟ್ಟಿರುತ್ತದೆ. ಡಿಸೆಂಬರ್, ಜನವರಿಯ ಮಂಜು ಮತ್ತು ಹೊಗೆಯಲ್ಲಿ ಚಿತ್ರ ತೆಗೆಯುವಂತಿಲ್ಲ. ಏಪ್ರಿಲ್ ನಡುವಿನ ಬಿಸಿಲಿನಲ್ಲಿ ರೇಷ್ಮೆ ಉಟ್ಟು ನಿಲ್ಲುವಂತಿಲ್ಲ. ಉಳಿಯುವುದು ಆರೇಳು ವಾರ ಮಾತ್ರ. ಹೂವಿನ ಪಾತಿಗಳು ತುಂಬಿ, ಬೂರುಗದ ಮರ ಕೆಂಪಾಗಿ ನಿಲ್ಲುವುದು ಆ ವಾರಗಳಲ್ಲೇ. ಆಕಾಶದ ಮನಸ್ಸು ಚಂಚಲವಾಗಿರುವುದೂ ಆಗಲೇ.

ಇದಕ್ಕೆ ಕಾರಣ ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ ಗಾಳಿಯ ಸುಳಿಗಳು. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಬರುವ ಇವು ಹಿಮಾಲಯದಲ್ಲಿ ಹಿಮ ಸುರಿಸಿ, ಬಯಲಿನಲ್ಲಿ ಮಳೆ, ಗುಡುಗು, ಕೆಲವೊಮ್ಮೆ ಆಲಿಕಲ್ಲನ್ನು ತರುತ್ತವೆ. ಮಾರ್ಚ್ ಬಂದಂತೆ ನೆಲ ಕಾಯತೊಡಗುವುದರಿಂದ ಮಧ್ಯಾಹ್ನದ ನಂತರ ಧೂಳುಗಾಳಿಯೂ ಏಳುತ್ತದೆ. ಇಲ್ಲಿಯವರು ಆಂಧಿ ಎನ್ನುವುದು ಅದನ್ನೇ. 2025ರ ಏಪ್ರಿಲ್ 11ರ ಸಂಜೆ ಎದ್ದ ಇಂಥ ಗಾಳಿಯಿಂದ ದೆಹಲಿಯ ವಿಮಾನ ಸಂಚಾರವೇ ಅಸ್ತವ್ಯಸ್ತವಾಗಿತ್ತು. ವಿಮಾನಕ್ಕೇ ಹೀಗಾದರೆ ಬೆಳಕಿನ ಛತ್ರಿಯ ಪಾಡೇನು?

ಒಂದು ವರ್ಷದಂತೆ ಇನ್ನೊಂದು ವರ್ಷವಿಲ್ಲ. 2020ರ ಮಾರ್ಚಿನಲ್ಲಿ ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ 100 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದು ಮಾರ್ಚ್ ತಿಂಗಳ ದಾಖಲೆಯಾಯಿತು. ಮರುವರ್ಷ, ಅಂದರೆ 2021ರ ಮಾರ್ಚ್ 29ರ ಹೋಳಿಯ ದಿನ, ಅದೇ ಕೇಂದ್ರದಲ್ಲಿ ಉಷ್ಣಾಂಶ 40.1 ಡಿಗ್ರಿಗೆ ಏರಿತು. 2022ರ ಮಾರ್ಚ್ ಇಡೀ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಬಿಸಿಯ ಮಾರ್ಚ್ ಎನಿಸಿತು. ಹೀಗಾಗಿ "ಹೋದ ವರ್ಷ ಇದೇ ವಾರ ನಮ್ಮ ಅಣ್ಣನ ಮಗಳದ್ದು ಎಷ್ಟು ಚೆನ್ನಾಗಿ ಆಯಿತು" ಎಂಬ ಮಾತಿಗೆ ಈ ಊರಿನಲ್ಲಿ ಬೆಲೆಯಿಲ್ಲ.

ಊರಿನಿಂದ ಬರುವ ನೆಂಟರಿಗೆ ಇದು ಅರ್ಥವಾಗುವುದು ಕಷ್ಟ. ಮಂಡ್ಯ, ಹಾಸನ, ಧಾರವಾಡದ ಕಡೆಯವರಿಗೆ ಬೇಸಿಗೆಯ ಮಳೆ ಎಂದರೆ ಯುಗಾದಿ ಕಳೆದ ಮೇಲೆ ಬರುವ ಮಾವಿನ ಮಳೆ. ಫೆಬ್ರವರಿಯಲ್ಲಿ ಆಲಿಕಲ್ಲು ಬೀಳಬಹುದು, ಬೆಳಿಗ್ಗೆ ಸ್ವೆಟರ್ ಬೇಕಾಗಿ ಮಧ್ಯಾಹ್ನ ಬೆವರು ಸುರಿಯಬಹುದು ಎಂದರೆ ಅವರು ನಂಬುವುದಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಬರುವವರು ಹಿಂದಿರುಗುವ ಟಿಕೆಟನ್ನೂ ತಿಂಗಳುಗಳ ಮೊದಲೇ ಮಾಡಿಸಿರುತ್ತಾರೆ. ಹುಡುಗ ಹುಡುಗಿಗೆ ಸಿಕ್ಕಿರುವ ರಜೆ ಎರಡು ದಿನ. ಛಾಯಾಗ್ರಾಹಕನ ಪ್ಯಾಕೇಜಿಗೆ ಮುಂಗಡ ಕೊಟ್ಟಾಗಿರುತ್ತದೆ. ಬದಲಾಯಿಸಲಾಗದ ಇಷ್ಟೆಲ್ಲ ಏರ್ಪಾಡುಗಳನ್ನು ಅತ್ಯಂತ ಬೇಗ ಬದಲಾಗುವ ವಸ್ತುವಿಗೆ ಕಟ್ಟಿಹಾಕುತ್ತೇವೆ.

ಸೀರೆ ನೆನೆದದ್ದಲ್ಲ ದುಃಖ

ನಮ್ಮ ಪರಿಚಯದ ಎರಡು ಕುಟುಂಬಗಳ ನಡುವೆ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿ ಇದಕ್ಕೊಂದು ಉದಾಹರಣೆ. ಮಾರ್ಚ್ ತಿಂಗಳ ಶನಿವಾರ ಸಭಾಂಗಣದಲ್ಲಿ ನಿಶ್ಚಿತಾರ್ಥ ಸಾಂಗವಾಗಿ ನೆರವೇರಿತು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಉದ್ಯಾನದಲ್ಲಿ ಚಿತ್ರೀಕರಣ. ಮಳೆಯ ಮುನ್ಸೂಚನೆ ಹಿಂದಿನ ದಿನವೇ ಇತ್ತು. ಹುಡುಗಿಯ ತಂದೆ ಬೆಳಿಗ್ಗೆಯೇ ಮುಗಿಸೋಣ ಎಂದರಂತೆ. ಆದರೆ ಅಲಂಕಾರದವರು ಬರುವುದು ಹನ್ನೊಂದಕ್ಕೆ, ಗಂಡಿನ ಕಡೆಯವರ ಊಟ ಒಂದಕ್ಕೆ ಎಂದು ಮಾತು ಅಲ್ಲಿಗೇ ನಿಂತಿತು. ನಾಲ್ಕರ ಹೊತ್ತಿಗೆ ಧೂಳೆದ್ದು, ಹಿಂದೆಯೇ ಮಳೆ ಹೊಡೆಯಿತು. ಮೈಸೂರು ರೇಷ್ಮೆಯ ಸೀರೆ ನೆನೆದು ಕಲೆಯಾಯಿತು. ಹುಡುಗನ ಅಜ್ಜಿ ಹಸಿ ಹುಲ್ಲಿನಲ್ಲಿ ಜಾರಿದರು, ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಛಾಯಾಗ್ರಾಹಕ ಕ್ಯಾಮೆರಾವನ್ನು ಅಂಗಿಯೊಳಗೆ ಮುಚ್ಚಿಕೊಂಡು ಓಡಿದ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಮರೆಯಬಹುದಿತ್ತು. ಹಸಿ ಅಕ್ಕಿ ತಿಂದರೆ ಮದುವೆಯಲ್ಲಿ ಮಳೆ ಬರುತ್ತದೆ ಎಂದು ನಮ್ಮ ಕಡೆ ಮಕ್ಕಳನ್ನು ಹೆದರಿಸುವ ಮಾತಿದೆಯಲ್ಲ. ಹುಡುಗಿ ಚಿಕ್ಕಂದಿನಲ್ಲಿ ಅಕ್ಕಿ ಡಬ್ಬಕ್ಕೆ ಕೈ ಹಾಕಿರಬೇಕು ಎಂದು ಗಂಡಿನ ಕಡೆಯ ಹಿರಿಯರೊಬ್ಬರು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ರಾತ್ರಿಯ ಹೊತ್ತಿಗೆ ಆ ತಮಾಷೆ "ಮೊದಲ ಕಾರ್ಯಕ್ಕೇ ಹೀಗಾಯಿತಲ್ಲ" ಎಂಬ ಪಿಸುಮಾತಾಗಿ ಬೆಳೆಯಿತು. ಮರುದಿನ ಇನ್ನೊಮ್ಮೆ ಚಿತ್ರ ತೆಗೆಸುವ ಖರ್ಚು ಹೆಣ್ಣಿನ ಮನೆಯವರದು ಎಂಬ ಸೂಚನೆಯೂ ಬಂತು. ವಾರದವರೆಗೆ ಎರಡೂ ಮನೆಗಳ ನಡುವೆ ಫೋನ್ ಇರಲಿಲ್ಲ. ಕೊನೆಗೆ ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರು ನಡುವೆ ಬಂದು ಮಾತು ಸರಿಪಡಿಸಿದರು. ಮದುವೆಯೂ ಆಯಿತು. ಆದರೆ ಮನೆಗೆ ಬರುವ ಮೊದಲೇ ತನ್ನ ಮೇಲೆ ಬಂದ ಆ ಮಾತನ್ನು ಹುಡುಗಿ ಮರೆತಿರುವಳೆಂದು ಹೇಳಲು ಧೈರ್ಯ ಸಾಲದು.

ಇಲ್ಲಿ ವಿಚಾರ ಮಾಡಬೇಕಾದ ಅಂಶವಿದೆ. ಮೆಡಿಟರೇನಿಯನ್ ಸಮುದ್ರದಿಂದ ಹೊರಟ ಮೋಡಕ್ಕೂ ಹುಡುಗಿಯ ಲಕ್ಷಣಕ್ಕೂ ಸಂಬಂಧವಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಆದರೂ ಕಾರ್ಯ ಕೆಟ್ಟಾಗ ಕಾರಣ ಹುಡುಕುವ ಬಾಯಿ ಬಹಳ ಬೇಗ ಹೆಣ್ಣಿನ ಕಡೆ ತಿರುಗುತ್ತದೆ. ನಮ್ಮ ರೈತನ ಮನೆಯಲ್ಲಿ ಮಳೆ ಎಂದರೆ ಶುಭ. ಒಳ್ಳೆಯ ಕಾರ್ಯದ ದಿನ ನಾಲ್ಕು ಹನಿ ಬಿದ್ದರೆ ಹರಕೆ ಎಂದು ತಿಳಿದವರು ನಾವು. ಅದೇ ಮಳೆ ಫೋಟೋ ಕೆಡಿಸಿತೆಂಬ ಮಾತ್ರಕ್ಕೆ ಅಪಶಕುನವಾಗುವುದಾದರೆ ನಾವು ಕೈಬಿಟ್ಟದ್ದು ಮೂಢನಂಬಿಕೆಯನ್ನಲ್ಲ. ಅದಕ್ಕೆ ಹೊಸ ಕ್ಯಾಮೆರಾ ಕೊಡಿಸಿದ್ದೇವೆ ಅಷ್ಟೆ.

ಜೀವಕ್ಕಿಂತ ಚಿತ್ರ ದೊಡ್ಡದಲ್ಲ

ಮಳೆ ಬಂದಾಗ ಎಲ್ಲರೂ ಮೊದಲು ಓಡುವುದು ದೊಡ್ಡ ಮರದ ಕೆಳಗೆ. ಇದಕ್ಕಿಂತ ಅಪಾಯಕಾರಿಯಾದುದು ಬೇರೊಂದಿಲ್ಲ. 2021ರ ಮಾರ್ಚ್ 12ರಂದು ಗುರುಗ್ರಾಮದ ವಸತಿ ಸಮುಚ್ಚಯವೊಂದರಲ್ಲಿ ಮಳೆಯೆಂದು ಮರದ ಕೆಳಗೆ ನಿಂತಿದ್ದ ನಾಲ್ವರು ತೋಟದ ಕೆಲಸಗಾರರಿಗೆ ಸಿಡಿಲು ಬಡಿದು, ಅವರಲ್ಲಿ ಒಬ್ಬರು ಮೃತಪಟ್ಟರು. ದೃಶ್ಯ ಕಾವಲು ಕ್ಯಾಮೆರಾದಲ್ಲಿ ದಾಖಲಾಗಿ ದೇಶವೇ ನೋಡಿತು. ಅದು ಮಳೆಗಾಲವಲ್ಲ, ಎಲ್ಲರೂ ಚಿತ್ರ ತೆಗೆಸುವ ಮಾರ್ಚ್ ತಿಂಗಳು ಎನ್ನುವುದು ಗಮನಾರ್ಹ.

ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗೇ ಇದೆ ಎಂದು ಅರ್ಥ. ಕೂಡಲೇ ಗಟ್ಟಿ ಕಟ್ಟಡದೊಳಗೋ, ಮುಚ್ಚಿದ ಕಾರಿನೊಳಗೋ ಸೇರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು. ಧೂಳುಗಾಳಿಯಲ್ಲಿ ಮರದ ಕೊಂಬೆ ಮುರಿದು ಬೀಳುವುದೂ ದೆಹಲಿಯಲ್ಲಿ ಹೊಸದಲ್ಲ. "ಕರಿಮೋಡದ ಹಿನ್ನೆಲೆ ಚೆನ್ನಾಗಿ ಬರುತ್ತದೆ, ಇನ್ನೊಂದೇ ಒಂದು" ಎಂಬ ಮಾತಿಗೆ ಆಗ ಹಿರಿಯರು ಕಿವಿಗೊಡಬಾರದು.

ಮುಂಜಾಗ್ರತೆ ಕಷ್ಟವೇನಲ್ಲ

ವಿಚಿತ್ರವೆಂದರೆ ದೇಶದ ಹವಾಮಾನ ಇಲಾಖೆಯ ಕೇಂದ್ರ ಕಚೇರಿಯಾದ ಮೌಸಮ್ ಭವನ ಇರುವುದು ಲೋದಿ ರಸ್ತೆಯಲ್ಲೇ, ಉದ್ಯಾನದಿಂದ ಹೆಚ್ಚು ದೂರವಿಲ್ಲ. ಅದರ ಮುನ್ಸೂಚನೆ ಈಗ ಎಲ್ಲರ ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಪಶ್ಚಿಮದ ಸುಳಿ ಬರುತ್ತಿದೆ ಎನ್ನುವುದು ಕೆಲವು ದಿನ ಮೊದಲೇ ತಿಳಿಯುತ್ತದೆ. ಯಾವ ಬಡಾವಣೆಯಲ್ಲಿ ಎಷ್ಟು ಗಂಟೆಗೆ ಮಳೆ ಎಂಬುದು ಮಾತ್ರ ಹಾಗೆ ಮುಂಚಿತವಾಗಿ ತಿಳಿಯದು. ಅದಕ್ಕೆಂದೇ ಮುಂದಿನ ಮೂರು ಗಂಟೆಗಳ ಎಚ್ಚರಿಕೆಯನ್ನು ಬೇರೆಯಾಗಿ ಕೊಡುತ್ತಾರೆ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎಂದರ್ಥ. ಕಿತ್ತಳೆ ಬಣ್ಣ ಕಂಡ ದಿನ ಸೀರೆಯ ಪೆಟ್ಟಿಗೆ ತೆರೆಯದಿರುವುದೇ ಲೇಸು. ರಾಹುಕಾಲ ನೋಡಿ ಹೊರಡುವ ನಮಗೆ ಇದನ್ನೊಂದು ನೋಡುವುದು ಭಾರವಾಗದು.

ಎರಡನೆಯದಾಗಿ ಸಮಯ. ಧೂಳುಗಾಳಿ ಮತ್ತು ಗುಡುಗು ಹೆಚ್ಚಾಗಿ ಏಳುವುದು ಮಧ್ಯಾಹ್ನದ ಮೇಲೆ. ಮಾರ್ಚ್ ನಡುವಿನಲ್ಲಿ ದೆಹಲಿಯಲ್ಲಿ ಸೂರ್ಯೋದಯ ಸುಮಾರು ಆರೂವರೆಗೆ. ಆರೂವರೆಯಿಂದ ಎಂಟೂವರೆಯವರೆಗೆ ಎರಡು ಗಂಟೆ ಸಿಕ್ಕರೆ ಬೇಕಾದಷ್ಟಾಯಿತು. ಬೆಳಕು ಮೃದುವಾಗಿರುತ್ತದೆ, ಬೆವರಿಲ್ಲ. ಅಲಂಕಾರ ಸರಳವಾಗಿದ್ದರೆ ಹುಡುಗಿ ನಾಲ್ಕಕ್ಕೆ ಏಳಬೇಕಾದ ಕಷ್ಟವೂ ಇಲ್ಲ. ಮೋಡ ಕವಿದರೆ ಚಿತ್ರ ಕೆಟ್ಟಿತು ಎಂಬ ಭಾವನೆಯೂ ಸರಿಯಲ್ಲ. ತೆಳುಮೋಡದ ದಿನ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬಂದು ಕಣ್ಣಿನ ಕೆಳಗೆ ನೆರಳು ಬೀಳುವುದಿಲ್ಲ. ಮಳೆ ನಿಂತ ಮೇಲೆ ಧೂಳು ತೊಳೆದು ಎಲೆಗಳು ಹೊಳೆಯುತ್ತವೆ. ನುರಿತ ಛಾಯಾಗ್ರಾಹಕರು ಇಂಥ ಹೊತ್ತಿಗೆ ಕಾಯುತ್ತಾರೆ. ಆದರೆ ಕಾಯುವುದಕ್ಕೆ ಅವಕಾಶವಿರಬೇಕಲ್ಲ.

ಆದುದರಿಂದ ಮೂರನೆಯ ಮಾತೇ ಮುಖ್ಯ. ಛಾಯಾಗ್ರಾಹಕನೊಂದಿಗೆ ಮುಂಗಡ ಕೊಡುವ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಳೆ ಬಂದರೆ ಬದಲಿ ದಿನ ಯಾವುದು, ಮುಂದೂಡುವ ತೀರ್ಮಾನ ಹಿಂದಿನ ದಿನ ಎಷ್ಟು ಗಂಟೆಯೊಳಗೆ ಆಗಬೇಕು, ಆಗ ಹೆಚ್ಚುವರಿ ಎಷ್ಟು ಕೊಡಬೇಕು. ಛಾಯಾಗ್ರಾಹಕನೂ ಬದುಕಬೇಕಾದವನೇ. ಅವನ ಆದಾಯದ ವಾರಗಳೂ ಅವೇ ಆರೇಳು. ಸಹಾಯಕರಿಗೆ ಅವನು ದಿನಗೂಲಿ ಕೊಟ್ಟಿರುತ್ತಾನೆ. ಮಳೆಯ ನಷ್ಟವನ್ನೆಲ್ಲ ಅವನ ಮೇಲೆ ಹಾಕುವುದೂ ನ್ಯಾಯವಲ್ಲ. ಸಹಾಯಕರ ಕೂಲಿಯಷ್ಟನ್ನು ಕೊಟ್ಟು ದಿನ ಬದಲಾಯಿಸಿಕೊಂಡರೆ ಇಬ್ಬರಿಗೂ ಸಮಾಧಾನ. ಬದಲಿ ದಿನ ಅದೇ ವಾರದಲ್ಲೇ ಆಗಬೇಕೆಂದೇನೂ ಇಲ್ಲ. ಹುಡುಗ ಹುಡುಗಿ ಮತ್ತೆ ಭೇಟಿಯಾದಾಗ, ನೆಂಟರ ಗುಂಪಿಲ್ಲದೆ, ಇಬ್ಬರೇ ತೆಗೆಸಿಕೊಳ್ಳಲಿ.

ನಾಲ್ಕನೆಯದು ಖರ್ಚು. ಚಿತ್ರೀಕರಣ ಶಾಸ್ತ್ರವಲ್ಲ, ಇಬ್ಬರ ಬಯಕೆ. ಇಬ್ಬರೂ ದುಡಿಯುವವರಾದರೆ ಇಬ್ಬರೂ ಹಂಚಿಕೊಳ್ಳಲಿ. ಇಲ್ಲವೇ ಎರಡೂ ಮನೆಗಳು ಸಮನಾಗಿ ಭರಿಸಲಿ. ಮಾತುಕತೆಯ ದಿನವೇ, ತಾಂಬೂಲ ಹಿಡಿಯುವ ಮೊದಲೇ, ಇದನ್ನು ಬಾಯಿಬಿಟ್ಟು ಹೇಳಿಬಿಡಬೇಕು. ವರದಕ್ಷಿಣೆಯ ಮಾತೆತ್ತಲು ನಾಚುವ ಸುಶಿಕ್ಷಿತರು ಚಿತ್ರೀಕರಣದ ಬಿಲ್ಲನ್ನು ಸದ್ದಿಲ್ಲದೆ ಹೆಣ್ಣಿನ ತಂದೆಯ ಮುಂದಿಡುವುದು ವಿಷಾದನೀಯ.

ತೋಟ ಎಲ್ಲರದು ಎನ್ನುವುದನ್ನೂ ಮರೆಯಬಾರದು. ಬೆಳಗಿನ ನಡಿಗೆಗೆ ಬರುವ ವೃದ್ಧರ ದಾರಿಗೆ ಅಡ್ಡವಾಗಿ ಸಾಮಾನು ಹರಡುವುದು, ಹೂವಿನ ಪಾತಿಯೊಳಗೆ ಕಾಲಿಡುವುದು, ಗುಮ್ಮಟದ ಗೋಡೆಗೆ ಒರಗಿ ನಿಲ್ಲುವುದು ಹೊರನಾಡ ಕನ್ನಡಿಗರ ಹೆಸರಿಗೆ ಶೋಭೆಯಲ್ಲ. ಲೋದಿ ಉದ್ಯಾನದಲ್ಲಿ ತೋಟ ನಗರಪಾಲಿಕೆಯದು, ಸ್ಮಾರಕಗಳು ಪುರಾತತ್ವ ಇಲಾಖೆಯ ರಕ್ಷಣೆಯವು. ಕೈಯಲ್ಲಿ ಹಿಡಿದ ಕ್ಯಾಮೆರಾದ ಮಾತು ಬೇರೆ, ದೀಪ ಮತ್ತು ಮುಕ್ಕಾಲಿ ಹೂಡುವ ವೃತ್ತಿಪರ ಚಿತ್ರೀಕರಣದ ಮಾತು ಬೇರೆ. ಅನುಮತಿಯನ್ನು ಮೊದಲೇ ವಿಚಾರಿಸಿಕೊಂಡರೆ ಕಾವಲುಗಾರನೊಂದಿಗೆ ವಾಗ್ವಾದ ತಪ್ಪುತ್ತದೆ.

ಸಂಘಗಳು ಏನು ಮಾಡಬಹುದು?

ಇದು ದೆಹಲಿಯವರ ಸಮಸ್ಯೆ ಮಾತ್ರ ಎಂದು ಬೇರೆ ನಗರದವರು ಭಾವಿಸಬಾರದು. ಮುಂಬಯಿಯಲ್ಲಿ ಜೂನ್ ತನಕ ಮಳೆಯ ಚಿಂತೆ ಕಡಿಮೆ ನಿಜ. ಆದರೆ ಮಾರ್ಚಿನಲ್ಲೇ ಬಿಸಿಲಿನ ಝಳ ಬರುವುದುಂಟು. ಪುಣೆಯಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆ ಸಾಮಾನ್ಯ. ಹೈದರಾಬಾದಿನ ಸುತ್ತಮುತ್ತ ಮಾರ್ಚ್, ಏಪ್ರಿಲ್‌ನಲ್ಲಿ ಆಲಿಕಲ್ಲು ಬೀಳುವುದುಂಟು. ಊರು ಬೇರೆಯಾದರೂ ಆಕಾಶದ ಮೇಲೆ ಭರವಸೆಯಿಡುವ ನಮ್ಮ ಅಭ್ಯಾಸ ಒಂದೇ.

ದೆಹಲಿಯಲ್ಲಿ ರಾವ್ ತುಲಾರಾಂ ಮಾರ್ಗದ ಕರ್ನಾಟಕ ಸಂಘ, ಮುಂಬಯಿಯಲ್ಲಿ ಮಾತುಂಗದ ಮೈಸೂರು ಅಸೋಸಿಯೇಷನ್ ಮುಂತಾದ ಸಂಸ್ಥೆಗಳಿಗೆ ಸ್ವಂತ ಕಟ್ಟಡಗಳಿವೆ. ಇಂಥ ಕಟ್ಟಡವಿರುವ ಸಂಘಗಳು ಒಳ್ಳೆಯ ಬೆಳಕು ಬೀಳುವ ಒಂದು ಮೂಲೆಯನ್ನು, ಒಂದು ಜೊತೆ ದೀಪದ ಕಂಬ, ತೋರಣ, ಎರಡು ಹಳೆಯ ಮರದ ಕುರ್ಚಿಗಳೊಂದಿಗೆ ಸಿದ್ಧವಾಗಿಟ್ಟರೆ, ಮಳೆ ಬಂದ ದಿನ ಸದಸ್ಯರ ಮಕ್ಕಳು ಅಲ್ಲಿಗೆ ಬಂದು ಚಿತ್ರ ತೆಗೆಸಿಕೊಳ್ಳಬಹುದು. ಅಲ್ಪ ಶುಲ್ಕ ವಿಧಿಸಿದರೆ ಸಂಘಕ್ಕೂ ಆದಾಯ. ವಧೂವರರ ಸಮಾವೇಶ ನಡೆಸುವ ಸಂಘಗಳು ಜಾತಕ, ವಿದ್ಯಾರ್ಹತೆಯ ಜೊತೆಗೆ ಖರ್ಚಿನ ಹಂಚಿಕೆಯ ಬಗ್ಗೆಯೂ ನಾಲ್ಕು ಹಿತವಚನ ಹೇಳುವ ಪರಿಪಾಠ ಇಟ್ಟುಕೊಳ್ಳಲಿ. ಎಲ್ಲಕ್ಕಿಂತ ಮಿಗಿಲಾಗಿ ಮಹಿಳಾ ವಿಭಾಗದ ಹಿರಿಯ ಸದಸ್ಯೆಯರಲ್ಲಿ ಒಂದು ವಿನಂತಿ. ಅಕ್ಕಿ ತಿಂದ ತಮಾಷೆ ಯಾರ ಬಾಯಿಂದಲೇ ಬರಲಿ, ಅದು ಪಿಸುಮಾತಾಗುವ ಮೊದಲೇ ತಡೆಯುವ ಶಕ್ತಿ ಇರುವುದು ನಿಮಗೆ. ಹುಡುಗಿಯ ಪರವಾಗಿ ಆಗ ಒಂದು ಮಾತು ಆಡಿದರೆ ಅವಳು ಅದನ್ನು ಜೀವನಪೂರ್ತಿ ನೆನೆಯುತ್ತಾಳೆ.

ಮುಂದಿನ ವಸಂತಕ್ಕೆ ನಿಶ್ಚಿತಾರ್ಥ ಇಟ್ಟುಕೊಳ್ಳುವ ಮನೆಗಳು ಸಭಾಂಗಣ, ಅಡಿಗೆಯವರು, ಛಾಯಾಗ್ರಾಹಕ ಎಂದು ಪಟ್ಟಿ ಬರೆಯುವಾಗ ಕೊನೆಯಲ್ಲಿ ಬದಲಿ ದಿನ ಎಂಬ ಒಂದು ಸಾಲನ್ನೂ ಸೇರಿಸಲಿ. ಆ ಸಾಲಿನ ಮುಂದೆ ಎರಡೂ ಮನೆಯವರ ಒಪ್ಪಿಗೆ ಇರಲಿ. ಮಳೆ ಬಂದರೆ ಬರಲಿ. ಹುಡುಗ ಹುಡುಗಿ ಒಂದೇ ಕೊಡೆಯ ಕೆಳಗೆ ನಿಂತು ನಕ್ಕರೆ ಅದೂ ಒಂದು ಚಿತ್ರವೇ.